ಮಾನಿಟರಿನ ಅಂಕಿ ನಂಬುವ ಮುನ್ನ: ಆಕ್ಸಿಮೀಟರ್, ಬಿಪಿ ಕಫ್, ಇಸಿಜಿ ಕೆಲಸ ಮಾಡುವ ಬಗೆ, ಎಡವುವ ಜಾಗ

ಪರದೆಯ ಬಲಗಡೆ ದೊಡ್ಡ ದೊಡ್ಡ ಅಂಕಿಗಳು, ಎಡಗಡೆ ಓಡುತ್ತಿರುವ ಗೆರೆಗಳು. ಹೊಸದಾಗಿ ವಾರ್ಡಿಗೆ ಬಂದವರ ಕಣ್ಣು ಸೀದಾ ಬಲಕ್ಕೆ ಹೋಗುತ್ತದೆ. ಪಳಗಿದವರು ಮೊದಲು ನೋಡುವುದು ಎಡಕ್ಕೆ. ಬೆರಳಿನಿಂದ ಯಂತ್ರಕ್ಕೆ ಸಿಗುವುದು ಬೆಳಕು, ಕಫ್‌ನಿಂದ ಸಿಗುವುದು ಗಾಳಿಯ ಅಲುಗಾಟ, ಎದೆಯಿಂದ ಸಿಗುವುದು ಒಂದು ಮಿಲಿವೋಲ್ಟ್ ಆಸುಪಾಸಿನ ವಿದ್ಯುತ್ತು. ಅಂಕಿ ಇವುಗಳಿಂದ ಲೆಕ್ಕ ಕಟ್ಟಿ ತೆಗೆದದ್ದು. ಗೆರೆ ಕೆಟ್ಟಿದ್ದರೆ ಲೆಕ್ಕವೂ ಕೆಟ್ಟಿರುತ್ತದೆ. ಅಂಕಿ ಮಾತ್ರ ಅದೇ ದಪ್ಪಕ್ಷರದಲ್ಲಿ, ಅದೇ ಠೀವಿಯಿಂದ ಕೂತಿರುತ್ತದೆ.

ಬೆರಳಿನ ಪ್ರೋಬ್

ಆಕ್ಸಿಮೀಟರಿನ ಪ್ರೋಬ್ ಎಂದರೆ ಬೆರಳಿಗೆ ಸಿಕ್ಕಿಸುವ ಕ್ಲಿಪ್. ಅದರ ಒಂದು ಬದಿಯಲ್ಲಿ ಎರಡು ಎಲ್‌ಇಡಿ: ಒಂದು 660 ನ್ಯಾನೊಮೀಟರಿನ ಕೆಂಪು, ಇನ್ನೊಂದು 940 ನ್ಯಾನೊಮೀಟರಿನ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಎದುರು ಬದಿಯಲ್ಲಿ ಬೆಳಕು ಹಿಡಿಯುವ ಡಯೋಡ್. ಆಕ್ಸಿಜನ್ ಹೊತ್ತ ಹಿಮೋಗ್ಲೋಬಿನ್ ಇನ್‌ಫ್ರಾರೆಡ್ಡನ್ನು ಹೆಚ್ಚು ಹೀರುತ್ತದೆ, ಆಕ್ಸಿಜನ್ ಬಿಟ್ಟುಕೊಟ್ಟದ್ದು ಕೆಂಪನ್ನು. ಎರಡು ಎಲ್‌ಇಡಿಗಳು ಸೆಕೆಂಡಿಗೆ ನೂರಾರು ಸಲ ಸರದಿಯಂತೆ ಹೊತ್ತಿ ಆರುತ್ತವೆ. ನಡುವೆ ಎರಡೂ ಆರಿರುವ ಒಂದು ಕ್ಷಣವೂ ಇರುತ್ತದೆ; ಕೋಣೆಯ ಬೆಳಕೆಷ್ಟು ಎಂದು ಆಗ ಅಳೆದು ಕಳೆಯಲಾಗುತ್ತದೆ.

ಚರ್ಮ, ಮೂಳೆ, ಸಿರೆಯ ರಕ್ತ ಎಲ್ಲವೂ ಬೆಳಕು ಹೀರುತ್ತವಲ್ಲ, ಅಪಧಮನಿಯ ರಕ್ತವನ್ನು ಬೇರೆ ಮಾಡುವುದು ಹೇಗೆ? ಜಪಾನಿನ ತಕುಒ ಅಒಯಾಗಿ 1970ರ ದಶಕದ ಆರಂಭದಲ್ಲಿ ಕಂಡುಕೊಂಡ ಉಪಾಯ ಇಲ್ಲಿದೆ. ಮಿಡಿಯುವುದು ಅಪಧಮನಿ ಮಾತ್ರ. ಹಾಗಾಗಿ ಮಿಡಿತಕ್ಕೆ ತಕ್ಕಂತೆ ಏರಿಳಿಯುವ ಭಾಗವನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟರಾಯಿತು. ಕೆಂಪಿನ ಏರಿಳಿತಕ್ಕೂ ಇನ್‌ಫ್ರಾರೆಡ್ಡಿನ ಏರಿಳಿತಕ್ಕೂ ಇರುವ ಅನುಪಾತವನ್ನು ಯಂತ್ರ ತನ್ನೊಳಗಿನ ಕೋಷ್ಟಕದಲ್ಲಿ ಹುಡುಕಿ ರಕ್ತದ ಆಕ್ಸಿಜನ್ ಶೇಕಡಾವಾರು ತೋರಿಸುತ್ತದೆ. ಆ ಕೋಷ್ಟಕ ಸಿದ್ಧವಾಗಿರುವುದು ಆರೋಗ್ಯವಂತ ಸ್ವಯಂಸೇವಕರಿಗೆ ಆಕ್ಸಿಜನ್ ಕಡಿಮೆ ಮಾಡಿ, ಅವರ ರಕ್ತ ಪರೀಕ್ಷಿಸಿ. ಅವರನ್ನು ಶೇ. 70ಕ್ಕಿಂತ ಕೆಳಗೆ ಇಳಿಸುವಂತಿಲ್ಲ. ಆದ್ದರಿಂದ ಪರದೆಯಲ್ಲಿ 62 ಎಂದು ಬಂದರೆ ‘ತೀರಾ ಕಡಿಮೆ’ ಎಂದಷ್ಟೇ ಓದಿಕೊಳ್ಳಿ. 62ಕ್ಕೂ 58ಕ್ಕೂ ವ್ಯತ್ಯಾಸ ಹುಡುಕುತ್ತ ಕೂರಬೇಡಿ.

ಎರಡೂ ಬಣ್ಣಗಳ ಏರಿಳಿತ ಸಮವಾದಾಗ, ಅಂದರೆ ಅನುಪಾತ 1 ಆದಾಗ, ಕೋಷ್ಟಕ ಕೊಡುವ ಉತ್ತರ ಸುಮಾರು 85. ಇದನ್ನು ನೆನಪಿಟ್ಟುಕೊಂಡರೆ ಬಹಳ ಉಪಯೋಗ. ಕೈ ಅಲುಗಾಡಿದಾಗ ಎರಡು ಬಣ್ಣಗಳೂ ಒಂದೇ ಸಮ ಕುಣಿಯುತ್ತವೆ, ಅಂಕಿ 85ರ ಕಡೆಗೆ ಜಾರುತ್ತದೆ. ಮೆಥೆಮೊಗ್ಲೋಬಿನ್ (ಆಕ್ಸಿಜನ್ ಹೊರಲಾಗದ ಬಗೆಯ ಹಿಮೋಗ್ಲೋಬಿನ್) ಹೆಚ್ಚಿರುವ ರೋಗಿಯಲ್ಲೂ ಹಾಗೆಯೇ: ಎಷ್ಟು ಆಕ್ಸಿಜನ್ ಕೊಟ್ಟರೂ 85ರ ಸುತ್ತಲೇ ಅಂಟಿಕೊಂಡಿರುತ್ತದೆ. ಕಾರ್ಬನ್ ಮಾನಾಕ್ಸೈಡಿನ ಕಥೆ ಉಲ್ಟಾ. ಹೊಗೆ ಕುಡಿದು ಬಂದವರಲ್ಲಿ ಎರಡು ಬಣ್ಣದ ಮಾಮೂಲಿ ಆಕ್ಸಿಮೀಟರ್ ಅದನ್ನು ಆಕ್ಸಿಜನ್ ಎಂದೇ ಎಣಿಸಿ 98 ತೋರಿಸಬಹುದು. ಅಲ್ಲಿ ರಕ್ತದ ಮಾದರಿಯನ್ನು, ಹಲವು ಬಣ್ಣದ ಬೆಳಕಿನಲ್ಲಿ ಅಳೆಯುವ ಕೋ-ಆಕ್ಸಿಮೀಟರಿಗೆ ಹಾಕದೆ ಗತಿಯಿಲ್ಲ.

ಹಾಕುವ ಕ್ರಮ ಸರಳ. ಬೆಚ್ಚಗಿರುವ ಬೆರಳು ಆರಿಸಿ, ನೇಲ್ ಪಾಲಿಶ್ ಇದ್ದರೆ ಒರೆಸಿ, ಎಲ್‌ಇಡಿ ಉಗುರಿನ ಮೇಲೆ ಬರುವಂತೆ ತುದಿಯವರೆಗೆ ತಳ್ಳಿ. ಬಿಪಿ ಕಫ್ ಕಟ್ಟಿದ ಕೈಗೆ ಹಾಕಬೇಡಿ; ಕಫ್ ಉಬ್ಬಿದಾಗಲೆಲ್ಲ ಬೆರಳಿಗೆ ರಕ್ತ ನಿಂತು ಸುಳ್ಳು ಅಲಾರಂ ಕೂಗುತ್ತದೆ. ಅಲೆ ನೆಲೆಗೊಳ್ಳಲು ಹತ್ತು ಹದಿನೈದು ಸೆಕೆಂಡು ಕಾಯಿರಿ. ಪ್ರತಿ ಮಿಡಿತಕ್ಕೂ ಚೂಪಾಗಿ ಏರಿ, ನಿಧಾನ ಇಳಿಯುವ, ಇಳಿಜಾರಿನಲ್ಲಿ ಚಿಕ್ಕ ತಗ್ಗಿರುವ ಅಲೆ ಕಂಡರೆ ಅಂಕಿ ನಂಬಬಹುದು. ಗೆರೆ ಚಪ್ಪಟೆಯಾಗಿದ್ದರೆ ಅಥವಾ ಗರಗಸದಂತಿದ್ದರೆ ಬೆರಳು ಬದಲಿಸಿ, ಕೈ ಬೆಚ್ಚಗೆ ಮಾಡಿ, ಕಿವಿಯ ಪ್ರೋಬ್ ಇದ್ದರೆ ಅದನ್ನು ಹಾಕಿ. ಬೆರಳಿನ ಪ್ರೋಬನ್ನೇ ಕಿವಿಗೆ ಸಿಕ್ಕಿಸುವುದು ಬೇಡ, ಅಂಕಿ ತಪ್ಪುತ್ತದೆ. ಅಲೆ ಸೊಗಸಾಗಿದ್ದೂ ಅಂಕಿ ಇಳಿದಿದ್ದರೆ ಯಂತ್ರವನ್ನು ಬೈಯದೆ ರೋಗಿಯ ಕಡೆ ತಿರುಗಿ.

ಅಲೆ ಚೆನ್ನಾಗಿದ್ದರೂ ಎರಡು ಮೂರು ಅಂಕಿಯ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಕಪ್ಪು ಮೈಬಣ್ಣದವರಲ್ಲಿ ಮೀಟರು ನಿಜಕ್ಕಿಂತ ಹೆಚ್ಚು ತೋರಿಸುವ ಸಂಭವ ಜಾಸ್ತಿ ಎಂಬುದನ್ನು ಅಮೆರಿಕದ ರೋಗಿಗಳ ಬಗ್ಗೆ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಎತ್ತಿ ತೋರಿಸಿತು. 92 ಕಂಡು ಸಮಾಧಾನಪಡುವ ಮುನ್ನ ಇದು ತಲೆಯಲ್ಲಿರಲಿ. ಜೊತೆಗೆ, ಶೇಕಡಾವಾರು ಎಂದರೆ ಇರುವ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲು ತುಂಬಿದೆ ಎಂದಷ್ಟೇ. ಹಿಮೋಗ್ಲೋಬಿನ್ 14 ಇರುವವರಲ್ಲೂ 7 ಇರುವವರಲ್ಲೂ 99 ಬರಬಹುದು; ಎರಡನೆಯವರ ರಕ್ತ ಹೊತ್ತೊಯ್ಯುವ ಆಕ್ಸಿಜನ್ ಹೆಚ್ಚುಕಡಿಮೆ ಅರ್ಧ.

ಬಿಪಿ ಕಫ್

ಡಾಕ್ಟರು ಸ್ಟೆತಸ್ಕೋಪ್ ಇಟ್ಟು ಕೇಳುವುದು ನಿಕೊಲಾಯ್ ಕೊರೊಟ್ಕಾಫ್ 1905ರಲ್ಲಿ ವರ್ಣಿಸಿದ ಸದ್ದುಗಳನ್ನು. ಮಾನಿಟರ್ ಆ ಸದ್ದುಗಳನ್ನು ಕೇಳುವುದೇ ಇಲ್ಲ. ದೊಡ್ಡವರಲ್ಲಿ ಮೊದಲ ಸಲ ಕಫ್ಫನ್ನು 160–180 ಮಿಮೀ ಪಾದರಸದ ಸುಮಾರಿಗೆ ಉಬ್ಬಿಸಿ, ಮೆಟ್ಟಿಲು ಇಳಿದಂತೆ ಸ್ವಲ್ಪ ಸ್ವಲ್ಪವೇ ಗಾಳಿ ಬಿಡುತ್ತದೆ. ಪ್ರತಿ ಮೆಟ್ಟಿಲಲ್ಲೂ ನಿಂತು, ಅಪಧಮನಿಯ ಮಿಡಿತದಿಂದ ಕಫ್ಫಿನ ಗಾಳಿ ಎಷ್ಟು ಅಲುಗುತ್ತಿದೆ ಎಂದು ನೋಡುತ್ತದೆ. ಅಲುಗಾಟ ಮೊದಲು ಸಣ್ಣದು, ಬರಬರುತ್ತ ದೊಡ್ಡದಾಗಿ ಶಿಖರ ಮುಟ್ಟಿ, ಮತ್ತೆ ಕುಗ್ಗುತ್ತದೆ. ಶಿಖರದಲ್ಲಿರುವ ಒತ್ತಡವೇ ಮೀನ್, ಅಂದರೆ ಸರಾಸರಿ ಬಿಪಿ. ಸಿಸ್ಟಾಲಿಕ್ (ಮೇಲಿನ ಅಂಕಿ), ಡಯಾಸ್ಟಾಲಿಕ್ (ಕೆಳಗಿನ ಅಂಕಿ) ಎರಡನ್ನೂ ಆ ಅಲುಗಾಟದ ಆಕಾರದಿಂದ ಸೂತ್ರ ಹಾಕಿ ತೆಗೆಯಲಾಗುತ್ತದೆ. ಸೂತ್ರ ಒಂದೊಂದು ಕಂಪನಿಯದು ಒಂದೊಂದು, ಅದನ್ನು ಹೊರಗೆ ಹೇಳುವುದೂ ಇಲ್ಲ. ಎರಡು ಬೇರೆ ಮಾನಿಟರುಗಳ ನಡುವೆ ಐದಾರು ಅಂಕಿ ವ್ಯತ್ಯಾಸ ಬಂದರೆ ಯಾವುದೋ ಒಂದು ಕೆಟ್ಟಿದೆ ಎಂದು ತೀರ್ಮಾನಿಸಬೇಕಿಲ್ಲ. ಬಿಪಿ ತೀರಾ ಕುಸಿದಿರುವ ರೋಗಿಯಲ್ಲಿ, ಸ್ಪಷ್ಟವಾಗಿ ಸಿಗುವ ಮೀನ್ ಮೇಲೆಯೇ ಹೆಚ್ಚು ಭರವಸೆ ಇಡಬಹುದು.

ತಪ್ಪಿಗೆ ದೊಡ್ಡ ಕಾರಣ ಕಫ್ಫಿನ ಅಳತೆ. ಬಟ್ಟೆಯೊಳಗಿನ ರಬ್ಬರ್ ಚೀಲದ ಅಗಲ ತೋಳಿನ ಸುತ್ತಳತೆಯ ಶೇ. 40, ಉದ್ದ ಶೇ. 80 ಇರಬೇಕು. ತೋಳು 30 ಸೆಂಮೀ ಇದ್ದರೆ ಚೀಲ 12 ಸೆಂಮೀ ಅಗಲ, 24 ಸೆಂಮೀ ಉದ್ದ. ದಪ್ಪ ತೋಳಿಗೆ ಚಿಕ್ಕ ಕಫ್ ಕಟ್ಟಿದರೆ ಇಲ್ಲದ ಬಿಪಿ ಇದೆಯೆಂದು ಬರುತ್ತದೆ. ಸಣಕಲು ತೋಳಿಗೆ ದೊಡ್ಡ ಕಫ್ ಕಟ್ಟಿದರೆ ಕಡಿಮೆ ಬರುತ್ತದೆ. ಮೊದಲನೆಯ ತಪ್ಪಿನ ಅಳತೆ ಸಾಮಾನ್ಯವಾಗಿ ದೊಡ್ಡದು. ಎರಡು ಕಫ್‌ಗಳ ನಡುವೆ ಅನುಮಾನ ಬಂದರೆ ದೊಡ್ಡದನ್ನೇ ಕಟ್ಟಿ.

ಕಫ್ಫಿನ ಕೆಳ ಅಂಚು ಮೊಣಕೈ ಮಡಿಕೆಯಿಂದ ಎರಡು ಮೂರು ಸೆಂಮೀ ಮೇಲಿರಲಿ, ಬಾಣದ ಗುರುತು ಅಪಧಮನಿಯ ಮೇಲೆ ಬರಲಿ, ಒಳಗೆ ಎರಡು ಬೆರಳು ಹೋಗುವಷ್ಟು ಸಡಿಲವಿರಲಿ. ತೋಳು ಹೃದಯದ ಮಟ್ಟದಲ್ಲಿ, ಏನಾದರೊಂದರ ಮೇಲೆ ಒರಗಿರಬೇಕು. 10 ಸೆಂಮೀ ಕೆಳಗೆ ಜೋತಾಡಿದರೆ ಸುಮಾರು 7.5 ಮಿಮೀ ಪಾದರಸದಷ್ಟು ಹೆಚ್ಚಾಗುತ್ತದೆ, ಮೇಲೆ ಎತ್ತಿದರೆ ಅಷ್ಟೇ ಕಡಿಮೆಯಾಗುತ್ತದೆ. ಮಗ್ಗುಲಾಗಿ ಮಲಗಿದ ರೋಗಿಯ ಮೇಲಿನ ತೋಳಲ್ಲಿ ಬಿಪಿ ಇದ್ದಕ್ಕಿದ್ದಂತೆ ‘ಬಿದ್ದಿತು’ ಎನ್ನುವ ಗಾಬರಿಗಳಲ್ಲಿ ಅರ್ಧ ಇದೇ ಲೆಕ್ಕ. ಡಯಾಲಿಸಿಸ್ ಫಿಸ್ಟುಲಾ (ಡಯಾಲಿಸಿಸ್‌ಗಾಗಿ ಅಪಧಮನಿ, ಸಿರೆ ಜೋಡಿಸಿದ ಜಾಗ) ಇರುವ ಕೈಗೆ ಕಫ್ ಕಟ್ಟಲೇಬಾರದು.

ಕಫ್ ಉಬ್ಬಿ, ಇಳಿದು, ಮತ್ತೆ ಉಬ್ಬಿ, ಕೊನೆಗೆ ಅಂಕಿಯ ಜಾಗದಲ್ಲಿ ಗೆರೆ ಎಳೆದರೆ ಕಾರಣ ಬಹುತೇಕ ಮೂರರಲ್ಲೊಂದು: ರೋಗಿ ನಡುಗುತ್ತಿದ್ದಾನೆ, ಹೃದಯದ ಲಯ ತಪ್ಪಿದೆ, ಅಥವಾ ಗಾಳಿ ಸೋರುತ್ತಿದೆ. ಏಟ್ರಿಯಲ್ ಫಿಬ್ರಿಲೇಶನ್ ಎಂಬ ಲಯದೋಷ ಇದ್ದರೆ ಪ್ರತಿ ಮಿಡಿತದ ಬಲವೂ ಬೇರೆ. ಮೆಟ್ಟಿಲ ಲೆಕ್ಕ ಗೊಂದಲಕ್ಕೆ ಬೀಳುತ್ತದೆ. ಮೂರು ಸಲ ಅಳೆದು ಸರಾಸರಿ ಹಿಡಿಯಿರಿ. ಸೋರಿಕೆ ನೋಡಲು ಕಫ್ಫನ್ನು ತೋಳಿನಷ್ಟು ದಪ್ಪದ ಗಟ್ಟಿ ಕೊಳವೆಗೆ ಸುತ್ತಿ, ಸರ್ವಿಸ್ ಮೆನುವಿನ ಲೀಕ್ ಟೆಸ್ಟ್ ನಡೆಸಿ. ನಿಮಿಷಕ್ಕೆ 6 ಮಿಮೀಗಿಂತ ಹೆಚ್ಚು ಇಳಿಯಬಾರದು. ಕಳ್ಳ ಬಹುತೇಕ ಹೋಸಿನ ಕನೆಕ್ಟರಿನ ಒಳಗಿರುವ ಚಿಕ್ಕ ಒ-ರಿಂಗ್.

ಇಸಿಜಿ ಲೀಡುಗಳು

ಹೃದಯದ ಒಂದು ಮಿಲಿವೋಲ್ಟಿನ ಸಿಗ್ನಲ್ ಹಿಡಿಯಬೇಕಾದ ಕಡೆ ಚರ್ಮದ ಮೇಲಿನ ಸತ್ತ ಪದರವೇ ದೊಡ್ಡ ಗೋಡೆ. ಕೂದಲಿದ್ದರೆ ಕತ್ತರಿಸಿ, ಸೋಪು ನೀರಿನಲ್ಲಿ ಒರೆಸಿ, ಒಣಬಟ್ಟೆಯಿಂದ ಸ್ವಲ್ಪ ಗಸಗಸ ಉಜ್ಜಿ. ವೈರನ್ನು (ಅದೇ ಲೀಡ್) ಎಲೆಕ್ಟ್ರೋಡಿನ, ಅಂದರೆ ಜೆಲ್ ಇರುವ ಅಂಟುಬಿಲ್ಲೆಯ, ಗುಂಡಿಗೆ ಮೊದಲು ಸಿಕ್ಕಿಸಿ, ಆಮೇಲೆ ಮೈಗೆ ಅಂಟಿಸಿ; ಅಂಟಿಸಿದ ಮೇಲೆ ಒತ್ತಿದರೆ ರೋಗಿಗೂ ನೋವು, ಜೆಲ್ಲೂ ಪಕ್ಕಕ್ಕೆ ಹರಡುತ್ತದೆ. ಪ್ಯಾಕೆಟ್ ಒಡೆದು ದಿನಗಟ್ಟಲೆ ಇಟ್ಟ ಎಲೆಕ್ಟ್ರೋಡಿನ ಜೆಲ್ ಒಣಗಿರುತ್ತದೆ, ಎಸೆಯಿರಿ.

ವೈರಿನ ಬಣ್ಣದಲ್ಲಿ ಒಂದು ಬಲೆ ಇದೆ. ಜಗತ್ತಿನಲ್ಲಿ ಎರಡು ಪದ್ಧತಿಗಳು ಚಾಲ್ತಿಯಲ್ಲಿವೆ. ಅಮೆರಿಕನ್ ಪದ್ಧತಿಯಲ್ಲಿ ಬಲಗೈ ಬಿಳಿ, ಎಡಗೈ ಕಪ್ಪು, ಎಡಗಾಲು ಕೆಂಪು, ಬಲಗಾಲು ಹಸಿರು. ಐಇಸಿ (ಅಂತರರಾಷ್ಟ್ರೀಯ ವಿದ್ಯುತ್ ಮಾನಕ ಸಂಸ್ಥೆ) ಪದ್ಧತಿಯಲ್ಲಿ ಬಲಗೈ ಕೆಂಪು, ಎಡಗೈ ಹಳದಿ, ಎಡಗಾಲು ಹಸಿರು, ಬಲಗಾಲು ಕಪ್ಪು. ಒಂದೇ ವಾರ್ಡಿನಲ್ಲಿ ಎರಡೂ ಬಗೆಯ ಕೇಬಲ್ ಇದ್ದರೆ ಬಣ್ಣದ ನೆನಪನ್ನು ಬದಿಗಿಟ್ಟು ಕ್ಲಿಪ್ಪಿನ ಮೇಲಿನ ಅಕ್ಷರ ಓದಿ. ಕೈಯ ಲೀಡುಗಳು ಕಾಲರ್ ಮೂಳೆಯ ಕೆಳಗೆ, ಕಾಲಿನವು ಪಕ್ಕೆಲುಬುಗಳ ಕೆಳ ಅಂಚಿಗೆ. ಎರಡು ಕೈಗಳು ಅದಲು ಬದಲಾದರೆ ಲೀಡ್ 1, ಅಂದರೆ ಎರಡು ಕೈಗಳ ನಡುವಿನ ವಿದ್ಯುತ್ತು ತೋರಿಸುವ ಗೆರೆ, ತಲೆಕೆಳಗಾಗಿ ಕಾಣುತ್ತದೆ.

ಪರದೆಯಲ್ಲಿ ಹೃದಯ ಬಡಿತ 148, ಪಕ್ಕದಲ್ಲಿ ಆಕ್ಸಿಮೀಟರಿನ ನಾಡಿ 74 ಎಂದಿಟ್ಟುಕೊಳ್ಳಿ. ಸರಿಯಾಗಿ ಎರಡು ಪಟ್ಟು. ಇಸಿಜಿ ಗೆರೆ ನೋಡಿದರೆ ಟಿ ಅಲೆ (ಬಡಿತದ ಕೊನೆಯ ದುಂಡು ಉಬ್ಬು) ಆರ್ ಅಲೆಯಷ್ಟೇ (ಬಡಿತದ ಚೂಪು ಶಿಖರ) ಎತ್ತರ ನಿಂತಿರುತ್ತದೆ, ಯಂತ್ರ ಎರಡನ್ನೂ ಬಡಿತವೆಂದು ಎಣಿಸಿರುತ್ತದೆ. ಗೇನ್, ಅಂದರೆ ಗೆರೆಯನ್ನು ದೊಡ್ಡದು ಮಾಡುವ ಸೆಟ್ಟಿಂಗ್, ಏರಿಸಿದರೆ ಟಿ ಕೂಡ ಜೊತೆಗೇ ಬೆಳೆಯುತ್ತದೆ, ಪ್ರಯೋಜನವಿಲ್ಲ. ಆರ್ ಎತ್ತರ, ಟಿ ಗಿಡ್ಡ ಇರುವ ಬೇರೆ ಲೀಡ್ ಆರಿಸಿ. ಆದರೆ ಇದೇ ಎರಡು ಪಟ್ಟು ವ್ಯತ್ಯಾಸ ಬೈಜೆಮಿನಿಯಲ್ಲೂ ಬರುತ್ತದೆ: ಒಂದು ಬಿಟ್ಟು ಒಂದು ಬಡಿತ ಅಕಾಲದಲ್ಲಿ ಬಂದು ಬೆರಳಿನ ತನಕ ಮಿಡಿತ ಕಳಿಸಲಾರದು. ಅದು ಯಂತ್ರದ ತಪ್ಪಲ್ಲ, ರೋಗಿಯ ತೊಂದರೆ. ಅನುಮಾನ ಬಂದರೆ ಮಣಿಕಟ್ಟಿನ ನಾಡಿ ಹಿಡಿಯಿರಿ. ಕಾಗದದ ಮೇಲೆ, ಸೆಕೆಂಡಿಗೆ 25 ಮಿಮೀ ವೇಗದಲ್ಲಿ, ಎರಡು ಆರ್ ಅಲೆಗಳ ನಡುವಿನ ದೊಡ್ಡ ಚೌಕಗಳ ಸಂಖ್ಯೆಯಿಂದ 300ನ್ನು ಭಾಗಿಸಿ, ನಿಮಿಷದ ಬಡಿತ ಸಿಗುತ್ತದೆ.

ದಪ್ಪಗೆ, ಬಾಚಣಿಗೆಯ ಹಲ್ಲಿನಂತೆ ಕಾಣುವ ಗೆರೆ ಕರೆಂಟಿನ 50 ಅಥವಾ 60 ಹರ್ಟ್ಜ್ ಗುಂಯ್ಗುಡುವಿಕೆ. ಬಲಗಾಲಿನ ಲೀಡ್ ಸಡಿಲವಿದೆಯೇ ಎಂದು ಮೊದಲು ನೋಡಿ, ಅದರ ಕೆಲಸವೇ ಈ ಸದ್ದನ್ನು ಅಡಗಿಸುವುದು. ಇಡೀ ಗೆರೆ ಉಯ್ಯಾಲೆಯಾಡಿದರೆ ಉಸಿರಾಟ ಅಥವಾ ಒಣಗಿದ ಜೆಲ್. ರೋಗಿ ಹಲ್ಲುಜ್ಜುತ್ತಿದ್ದರೆ ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ ಎಂಬ ಅಪಾಯದ ವೇಗದ ಲಯದಂತೆಯೇ ಕಾಣುವ ಗೆರೆ ಬರುತ್ತದೆ. ಆಗ ಆಕ್ಸಿಮೀಟರಿನ ಅಲೆ ತನ್ನ ಪಾಡಿಗೆ ತಾಳ ಹಿಡಿದು ನಡೆಯುತ್ತಿದ್ದರೆ, ರೋಗಿ ಮಾತನಾಡುತ್ತಿದ್ದರೆ, ಅದು ಕೈಯಾಟ. ಸ್ಕೇಲಿಟ್ಟು ಎಳೆದಂಥ ನೇರ ಗೆರೆ ಬಂದರೂ ರೋಗಿಯನ್ನು ಮೊದಲು ನೋಡಿ, ಆಮೇಲೆ ಲೀಡ್, ಆಮೇಲೆ ಗೇನ್.

ಮಾನಿಟರ್ ಮೋಡ್‌ನಲ್ಲಿ ಫಿಲ್ಟರ್ ಸಾಮಾನ್ಯವಾಗಿ 0.5ರಿಂದ 40 ಹರ್ಟ್ಜ್. ಗೆರೆ ಚಂದ ಕಾಣುತ್ತದೆ, ಎಸ್‌ಟಿ ಭಾಗ (ಆರ್ ಅಲೆಯ ನಂತರ ಟಿ ಅಲೆಯವರೆಗಿನ ಗೆರೆ) ಮಾತ್ರ ಸೊಟ್ಟಗಾಗಬಹುದು. ಹೃದಯಾಘಾತದ ಅನುಮಾನವಿದ್ದರೆ ಡಯಾಗ್ನಾಸ್ಟಿಕ್ ಮೋಡ್‌ಗೆ, ಅಂದರೆ 0.05ರಿಂದ 150ಕ್ಕೆ ಬದಲಿಸಿ, ಅಥವಾ 12 ಲೀಡಿನ ಇಸಿಜಿಯನ್ನೇ ತೆಗೆಯಿರಿ.

ಉಸಿರಾಟದ ಅಂಕಿ

ನನ್ನ ಮಟ್ಟಿಗೆ ಪರದೆಯಲ್ಲಿ ಅತಿ ಕಡಿಮೆ ನಂಬಬೇಕಾದ ಅಂಕಿ ಇದು. ಇಸಿಜಿ ಲೀಡುಗಳ ಮೂಲಕವೇ ತೀರಾ ಸಣ್ಣ ಕರೆಂಟು ಹರಿಸಿ, ಎದೆ ಉಬ್ಬಿದಾಗ ಪ್ರತಿರೋಧ ಎಷ್ಟು ಬದಲಾಯಿತು ಎಂದು ಎಣಿಸುತ್ತದೆ. ಎಣಿಸುವುದು ಎದೆಯ ಚಲನೆಯನ್ನು, ಗಾಳಿಯನ್ನಲ್ಲ. ಗಂಟಲು ಕಟ್ಟಿಕೊಂಡು ಗಾಳಿ ಒಳಹೋಗದೆ ಎದೆ ಒದ್ದಾಡುತ್ತಿದ್ದರೂ 20 ಎಂದು ತೋರಿಸಬಲ್ಲದು. ಗಡಿಯಾರ ನೋಡುತ್ತ ಒಂದು ನಿಮಿಷ ಎಣಿಸುವುದೇ ಮೇಲು. ಗಾಳಿಯನ್ನು ನಿಜಕ್ಕೂ ನೋಡುವುದು ಕ್ಯಾಪ್ನೋಗ್ರಾಫ್: ಹೊರಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ಸುಮಾರು 4.3 ಮೈಕ್ರಾನಿನ ಇನ್‌ಫ್ರಾರೆಡ್ ಹೀರುತ್ತದೆ, ಉಸಿರಿನ ಕೊನೆಗೆ 35–45 ಮಿಮೀ ಬರುವುದು ಸಹಜ. ಉಸಿರು ನಿಂತರೆ ಮುಂದಿನ ಉಸಿರಿನ ಹೊತ್ತಿಗೇ ಗೆರೆ ನೆಲಕಚ್ಚುತ್ತದೆ. ಆಕ್ಸಿಜನ್ ಹಾಕಿರುವ ರೋಗಿಯಲ್ಲಿ ಬೆರಳಿನ ಅಂಕಿ ಆಮೇಲೂ ನಿಮಿಷಗಟ್ಟಲೆ 98 ಎನ್ನುತ್ತಲೇ ಇರಬಹುದು.

ಅಪಧಮನಿಯ ಲೈನ್

ಇಲ್ಲಿ ಅಪಧಮನಿಯೊಳಗೇ ತೂರಿಸಿದ ಸಣ್ಣ ನಳಿಕೆಯಿಂದ ಒತ್ತಡ ನೀರಿನ ಕೊಳವೆಯ ಮೂಲಕ, ಅದನ್ನು ವಿದ್ಯುತ್ತಾಗಿಸುವ ಟ್ರಾನ್ಸ್‌ಡ್ಯೂಸರಿಗೆ ಬರುತ್ತದೆ. ಸಲೈನ್ ಚೀಲದ ಮೇಲಿನ ಪ್ರೆಶರ್ ಬ್ಯಾಗ್ 300 ಮಿಮೀ ಪಾದರಸದಲ್ಲಿರಬೇಕು. ಆಗ ಗಂಟೆಗೆ ಸುಮಾರು 3 ಮಿಲಿ ಹರಿದು ಲೈನ್ ಕಟ್ಟಿಕೊಳ್ಳುವುದಿಲ್ಲ. ಕೊಳವೆಯಲ್ಲಿ ಗಾಳಿಗುಳ್ಳೆ ಸೇರಿದರೆ ಅಲೆ ಮೊಂಡಾಗಿ ಸಿಸ್ಟಾಲಿಕ್ ಇಳಿಯುತ್ತದೆ, ಡಯಾಸ್ಟಾಲಿಕ್ ಏರುತ್ತದೆ, ಮೀನ್ ಹೆಚ್ಚು ಕದಲದು. ಸೊನ್ನೆ ಮಾಡುವಾಗ ಟ್ರಾನ್ಸ್‌ಡ್ಯೂಸರ್ ನಾಲ್ಕನೇ ಪಕ್ಕೆಲುಬಿನ ಸಂದಿನ ಮಟ್ಟದಲ್ಲಿ, ಎದೆಯ ಪಕ್ಕದ ನಡುಗೆರೆಯಲ್ಲಿ ಇರಲಿ. ರೋಗಿಯ ಕಡೆಯ ನಲ್ಲಿ ಮುಚ್ಚಿ, ಗಾಳಿಗೆ ತೆರೆದು, ಜೀರೊ ಒತ್ತಿ, ಮತ್ತೆ ರೋಗಿಯ ಕಡೆ ತಿರುಗಿಸಿ. ಟ್ರಾನ್ಸ್‌ಡ್ಯೂಸರ್ ಕಂಬಕ್ಕೆ ಕಟ್ಟಿದ್ದು, ಡ್ರೆಸ್ಸಿಂಗ್ ಮಾಡಲೆಂದು ಯಾರೋ ಹಾಸಿಗೆಯನ್ನು 20 ಸೆಂಮೀ ಎತ್ತಿ ಹಾಗೇ ಬಿಟ್ಟರೆ 15 ಮಿಮೀ ಹೆಚ್ಚು ತೋರಿಸುತ್ತದೆ: ನಿಜವಾದ ಮೀನ್ 58, ಪರದೆಯಲ್ಲಿ 73. ಬಿಪಿ ಏರಿಸುವ ಔಷಧಿಯ ಪಂಪ್ ತಗ್ಗಿಸಲು ಕೈ ಹಾಕುವ ಮುನ್ನ ಹಾಸಿಗೆಯ ಎತ್ತರ ನೋಡಿ.