ಅಂಬಾಸಡರ್ ಎಂಜಿನ್ನಿನ ಮಿಸ್ಸಿಂಗ್: ಕಾರ್ಬ್ಯುರೇಟರ್ ಮುಟ್ಟುವ ಮೊದಲು

ಹಳೆಯ ಕಾರಿನ ಎಂಜಿನ್ ಸ್ಲೋ ಸ್ಪೀಡಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವಾಗ, ಮಿಸ್ಸಿಂಗ್ ಆಗಿ (ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ) ನಡುಗುತ್ತಿದೆ ಎಂದು ಯಾರಿಗೆ ಹೇಳಿದರೂ ಸಿಗುವ ಮೊದಲ ಸಲಹೆ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿ ತೊಳೆಸಿ ಎಂಬುದೇ. ನನ್ನ 1972ರ ಅಂಬಾಸಡರ್ ಮಾರ್ಕ್ 2 ಕಾರಿನ ವಿಷಯದಲ್ಲಿಯೂ ಹಾಗೆಯೇ ಆಯಿತು. ಬಾಡಿ, ಪೇಂಟ್, ವೈರಿಂಗ್, ಎಂಜಿನ್ ಎಲ್ಲವನ್ನೂ ಹೊಸದಾಗಿ ಮಾಡಿಸಿಕೊಂಡು ಬಂದ ಕಾರು ರಸ್ತೆಯಲ್ಲಿ ವೇಗ ಹಿಡಿದ ಮೇಲೆ ಸಲೀಸಾಗಿ ಓಡುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತ ಕೂಡಲೇ ಸ್ಟೀರಿಂಗ್ ಪಕ್ಕದ ಗೇರ್ ಲಿವರ್ ಕುಣಿಯುವಷ್ಟು ನಡುಗಿ, ಕೆಲವೊಮ್ಮೆ ನಿಂತೇ ಬಿಡುತ್ತಿತ್ತು. ನೋಡಿದವರೆಲ್ಲ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬರುವ ಸಣ್ಣ ಕೊಳವೆಯಾದ ಜೆಟ್ಟಿನ ಕೆಳಗಿನ ನಟ್ ತಿರುಗಿಸಿ ಪೆಟ್ರೋಲ್ ಹೆಚ್ಚಿಸಿದರು. ನಡುಕ ಒಂದಿಷ್ಟು ಇಳಿಯಿತು, ಹೊಗೆ ಹೆಚ್ಚಾಯಿತು, ಮೈಲೇಜ್ ಹಾಳಾಯಿತು. ಆಮೇಲೆ ಕಾರ್ಬ್ಯುರೇಟರನ್ನು ಕೊನೆಗೆ ಇಟ್ಟುಕೊಂಡು, ಉಳಿದದ್ದನ್ನೆಲ್ಲ ಕ್ರಮವಾಗಿ ಪರೀಕ್ಷಿಸಲು ನಾನೇ ಕೈಹಾಕಿದೆ.

ಮೊದಲು ನೋಡಿದ್ದು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಗಾಳಿಯನ್ನು ಅದುಮುವ ಒತ್ತಡ. ಎಂಜಿನ್ ಬಿಸಿ ಇರುವಾಗಲೇ ನಾಲ್ಕೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದಿಟ್ಟು ಸೆಲ್ಫ್ ಹೊಡೆದಾಗ ನಾಲ್ಕು ಸಿಲಿಂಡರುಗಳ ಅಳತೆ ಶೇ. 10ರೊಳಗಿನ ವ್ಯತ್ಯಾಸದಲ್ಲಿಯೇ ಇತ್ತು. ಇಲ್ಲಿ ಒಂದು ಮಾತು: ಕೈಪಿಡಿಗಳಲ್ಲಿರುವ ಅಂಕಿಗಳು ಸಮುದ್ರಮಟ್ಟದವು, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಕಂಪ್ರೆಷನ್ ಗೇಜ್ ಕೂಡ, ಎಂಜಿನ್ ಗಾಳಿಯನ್ನು ಎಳೆಯುವ ಬಲ ಅಳೆಯುವ ವ್ಯಾಕ್ಯೂಮ್ ಗೇಜ್ ಕೂಡ ಕಡಿಮೆಯನ್ನೇ ತೋರಿಸುತ್ತವೆ. ಅದನ್ನು ಕಂಡು ಗಾಬರಿಯಾಗಿ ಹೊಸ ರಿಂಗ್ ಹಾಕಿಸಿದವರನ್ನು ನಾನು ಬಲ್ಲೆ. ಅಂಕಿಗಿಂತ ನಾಲ್ಕರ ನಡುವಿನ ಸಮಾನತೆಯೇ ಮುಖ್ಯ. ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದಾದ ಟ್ಯಾಪೆಟ್ ಗ್ಯಾಪನ್ನು 15 ತೌಗೆ (ಒಂದು ತೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು), ಅಂದರೆ 0.38 ಮಿ.ಮೀ.ಗೆ ಹೊಂದಿಸಿದೆ. ಎಂಟು ವಾಲ್ವುಗಳನ್ನು ಸಾಲಾಗಿ ಎಣಿಸಿ, ಯಾವ ವಾಲ್ವ್ ಪೂರ್ತಿ ತೆರೆದಿದೆಯೋ ಅದರ ಸಂಖ್ಯೆಯನ್ನು 9ರಿಂದ ಕಳೆದರೆ ಸಿಗುವ ವಾಲ್ವನ್ನು ಆಗ ಅಳೆಯಬೇಕು ಎಂಬ ಲೆಕ್ಕ ಗೊತ್ತಿದ್ದರೆ ಈ ಕೆಲಸ ಬಹಳ ಬೇಗ ಮುಗಿಯುತ್ತದೆ.

ಇಗ್ನಿಷನ್ನಿನಲ್ಲಿ, ಅಂದರೆ ಪ್ಲಗ್ಗಿಗೆ ಕಿಡಿ ಕೊಡುವ ವ್ಯವಸ್ಥೆಯಲ್ಲಿ, ಹೆಚ್ಚೇನೂ ಸಿಗಲಿಲ್ಲ. ಕಾಯಿಲಿನ ಕರೆಂಟನ್ನು ತಡೆದು ಬಿಡುವ ಪಾಯಿಂಟುಗಳ ಗ್ಯಾಪ್ 0.35ರಿಂದ 0.40 ಮಿ.ಮೀ. ನಡುವೆ ಇತ್ತು, ಕಿಡಿಯನ್ನು ನಾಲ್ಕೂ ಪ್ಲಗ್ಗಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಶಾಫ್ಟನ್ನು ಹಿಡಿದು ಅಲುಗಿಸಿದರೆ ಆಟ ಕಾಣಲಿಲ್ಲ. ಪಾಯಿಂಟುಗಳು ಸುಡದಂತೆ ಕಾಯುವ ಕಂಡೆನ್ಸರನ್ನು ಮಾತ್ರ ತೆಗೆದು ಹಳೆಯ ಸ್ಟಾಕಿನದೊಂದನ್ನು ಹಾಕಿದೆ, ಏಕೆಂದರೆ ಈಗ ಅಂಗಡಿಗಳಲ್ಲಿ ಸಿಗುವ ಹೊಸ ಕಂಡೆನ್ಸರುಗಳಿಗಿಂತ ಹಳೆಯ ಸ್ಟಾಕಿನವೇ ವಾಸಿ ಎಂಬುದು ನನ್ನ ಖಚಿತ ಅಭಿಪ್ರಾಯ. ನಡುಕ ಹಾಗೆಯೇ ಉಳಿಯಿತು.

ದಾರಿ ತೋರಿಸಿದ್ದು ಪ್ಲಗ್ ವೈರುಗಳನ್ನು ಒಂದೊಂದಾಗಿ ತೆಗೆದು ನೋಡುವ ಹಳೆಯ ಪದ್ಧತಿ. ಎಂಜಿನ್ ಓಡುತ್ತಿರುವಾಗ, ರಬ್ಬರ್ ಹಿಡಿಯ ಇಕ್ಕಳದಿಂದ ವೈರ್ ತೆಗೆದು, ಕಾಯಿಲಿಗೆ ಪೆಟ್ಟಾಗದಂತೆ ಅದರ ತುದಿಯನ್ನು ಎಂಜಿನ್ ಬಾಡಿಗೆ ತಾಗಿಸಿ ಇಡಬೇಕು. ರೇಡಿಯೇಟರ್ ಕಡೆಯ 1 ಮತ್ತು 2ನೇ ಸಿಲಿಂಡರಿನ ವೈರ್ ತೆಗೆದಾಗ ಎಂಜಿನ್ ಸಾಯುವಂತಾಯಿತು; 3 ಮತ್ತು 4ರಲ್ಲಿ ಸದ್ದು ಹೆಚ್ಚುಕಡಿಮೆ ಬದಲಾಗಲೇ ಇಲ್ಲ. ಈ ಎಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-3-4-2 ಆಗಿರುವುದರಿಂದ 3 ಮತ್ತು 4 ಒಂದರ ಹಿಂದೆ ಒಂದು ತಪ್ಪುತ್ತಿದ್ದವು. ಎರಡು ಪೆಟ್ಟು ಬಿದ್ದು ಎರಡು ಪೆಟ್ಟು ತಪ್ಪುವ, ಕುಂಟೆತ್ತಿನ ನಡಿಗೆಯಂತಹ ಆ ಸದ್ದಿನ ಅರ್ಥ ಆಗ ಹೊಳೆಯಿತು. ಪ್ಲಗ್ಗುಗಳು ಕೂಡ ಅದನ್ನೇ ಹೇಳುತ್ತಿದ್ದವು: ಮುಂದಿನ ಎರಡರ ಮೇಲೆ ಕರಿ ಮಸಿ, ಹಿಂದಿನ ಎರಡರ ತುದಿ ಸುಣ್ಣದಷ್ಟು ಬಿಳಿ. ಒಂದೇ ಕಾರ್ಬ್ಯುರೇಟರಿನಿಂದ ಹೋಗುವ ಮಿಶ್ರಣ ಎರಡು ಸಿಲಿಂಡರಿಗೆ ಗಾಢವಾಗಿ, ಇನ್ನೆರಡಕ್ಕೆ ತೆಳುವಾಗಿ ತಲುಪುತ್ತಿದೆ ಎಂದರೆ ತಪ್ಪು ಕಾರ್ಬ್ಯುರೇಟರಿನ ಆಚೆಗೆ ಎಲ್ಲೋ ಇರಬೇಕು.

1489 ಸಿಸಿಯ ಈ ಬಿ.ಎಂ.ಸಿ. (ಬ್ರಿಟಿಷ್ ಮೋಟರ್ ಕಾರ್ಪೊರೇಷನ್) ಬಿ-ಸೀರೀಸ್ ಎಂಜಿನ್ನಿನ ಹೆಡ್ಡಿನಲ್ಲಿ ಗಾಳಿ ಒಳಗೆ ಹೋಗಲು ಎರಡೇ ದಾರಿಗಳಿವೆ. 1 ಮತ್ತು 2ಕ್ಕೆ ಒಂದು, 3 ಮತ್ತು 4ಕ್ಕೆ ಇನ್ನೊಂದು. 3 ಮತ್ತು 4ರ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಕಂಪ್ರೆಷನ್ ಬಿದ್ದಿರಬೇಕಿತ್ತು, ಬಿದ್ದಿರಲಿಲ್ಲ. ಹಾಗಾಗಿ ಹಿಂದಿನ ದಾರಿಯ ಬಾಯಲ್ಲಿ, ಕಾರ್ಬ್ಯುರೇಟರಿನಿಂದ ಮಿಶ್ರಣ ತರುವ ಕವಲುಕೊಳವೆ, ಅಂದರೆ ಮ್ಯಾನಿಫೋಲ್ಡ್, ಹೆಡ್ಡಿಗೆ ಕೂರುವ ಜಾಗದಲ್ಲಿ, ಹೊರಗಿನ ಗಾಳಿ ನುಗ್ಗುತ್ತಿದೆ ಎಂದೇ ತೀರ್ಮಾನಿಸಬೇಕಾಯಿತು. ಸ್ಲೋ ಸ್ಪೀಡಿನಲ್ಲಿ ಮ್ಯಾನಿಫೋಲ್ಡಿನೊಳಗಿನ ಎಳೆತ ಹೆಚ್ಚು, ಎಂಜಿನ್ನಿಗೆ ಬೇಕಾದ ಗಾಳಿ ಕಡಿಮೆ. ಸಣ್ಣ ಸೋರಿಕೆಯೂ ಆಗ ದೊಡ್ಡ ಪಾಲಾಗುತ್ತದೆ. ವೇಗದಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ.

ಸೋರಿಕೆ ಹುಡುಕಲು ಹಲವರು ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಹೊಡೆಯುತ್ತಾರೆ. ಈ ಎಂಜಿನ್ನಿನಲ್ಲಿ ಇನ್‌ಲೆಟ್ ಮತ್ತು ಎಕ್ಸಾಸ್ಟ್ ಎರಡೂ ಒಂದೇ ಪಕ್ಕದಲ್ಲಿ ಅಂಟಿಕೊಂಡಿರುವುದರಿಂದ ಅದು ಬೆಂಕಿಯೊಡನೆ ಆಟ. ಬೆಳಿಗ್ಗೆ ತಣ್ಣಗಿನ ಎಂಜಿನ್ ಚಾಲೂ ಮಾಡಿ, ಎಕ್ಸಾಸ್ಟ್ ಕಾಯುವ ಮೊದಲೇ, ಇಸ್ತ್ರಿಗೆ ಬಳಸುವ ಸ್ಪ್ರೇ ಬಾಟಲಿಯಿಂದ ಬರೀ ನೀರನ್ನು ಮ್ಯಾನಿಫೋಲ್ಡಿನ ಹಿಂದಿನ ಫ್ಲಾಂಜಿನ (ಹೆಡ್ಡಿಗೆ ಒತ್ತಿ ಕೂರುವ ಚಪ್ಪಟೆ ಬಾಯಿಯ) ಅಂಚಿಗೆ ಹೊಡೆದೆ. ನೀರು ಸಂದನ್ನು ಮುಚ್ಚಿದ ಆ ಕ್ಷಣಗಳಷ್ಟು ಹೊತ್ತು ಎಂಜಿನ್ ನಾಲ್ಕೂ ಸಿಲಿಂಡರಿನಲ್ಲಿ ಓಡಿ, ಮತ್ತೆ ಕುಂಟತೊಡಗಿತು.

ಮ್ಯಾನಿಫೋಲ್ಡ್ ಬಿಚ್ಚಿದಾಗ ಗ್ಯಾಸ್ಕೆಟ್ ಹೊಸದಾಗಿಯೇ ಇತ್ತು, ಆದರೆ ಹಿಂದಿನ ಇನ್‌ಲೆಟ್ ರಂಧ್ರದ ಸುತ್ತ ಒತ್ತಿದ ಗುರುತೇ ಇರಲಿಲ್ಲ. ಇನ್‌ಲೆಟ್ ಮತ್ತು ಎಕ್ಸಾಸ್ಟ್ ಫ್ಲಾಂಜುಗಳು ಪಕ್ಕಪಕ್ಕದಲ್ಲಿ ಕೂರುತ್ತವೆ; ಒಂದೇ ಸ್ಟಡ್ಡಿನ ಮೇಲಿನ ದಪ್ಪ ವಾಷರ್ ಎರಡರ ಅಂಚನ್ನೂ ಒಟ್ಟಿಗೆ ಅದುಮುತ್ತದೆ. ರಿಪೇರಿಯ ಹೊತ್ತಿನಲ್ಲಿ ಸೊಟ್ಟಗಾಗಿದ್ದ ಅಲ್ಯುಮಿನಿಯಂ ಇನ್‌ಲೆಟ್ಟನ್ನು ಮಾತ್ರ ಯಾರೋ ಫೇಸಿಂಗ್ ಮಾಡಿಸಿದ್ದರು, ಅಂದರೆ ಅದರ ಮುಖವನ್ನು ತರಿಸಿ ಸಮ ಮಾಡಿಸಿದ್ದರು. ವರ್ನಿಯರ್ ಹಿಡಿದು ನೋಡಿದರೆ ಅದರ ಫ್ಲಾಂಜು ಪಕ್ಕದ ಎಕ್ಸಾಸ್ಟ್ ಫ್ಲಾಂಜಿಗಿಂತ ಸುಮಾರು ಅರ್ಧ ಮಿಲಿಮೀಟರ್ ತೆಳುವಾಗಿತ್ತು. ನಟ್ ಎಷ್ಟೇ ಬಿಗಿದರೂ ವಾಷರ್ ದಪ್ಪಗಿನ ಎಕ್ಸಾಸ್ಟನ್ನು ಅದುಮಿ ಅಲ್ಲೇ ನಿಲ್ಲುತ್ತಿತ್ತು. ಎರಡು ಮ್ಯಾನಿಫೋಲ್ಡುಗಳನ್ನೂ ಒಂದಕ್ಕೊಂದು ಬೋಲ್ಟ್ ಮಾಡಿ, ಹೆಡ್ಡಿಗೆ ಕೂರುವ ಮುಖ ಒಂದೇ ಸಮವಾಗುವಂತೆ ಸರ್ಫೇಸ್ ಗ್ರೈಂಡಿಂಗ್ ಮಾಡಿಸಿದೆ; ದಪ್ಪದ ವ್ಯತ್ಯಾಸಕ್ಕೆ ಲೇತಿನವರಿಂದ ಮೆಟ್ಟಿಲಿರುವ ಸ್ಟೀಲ್ ವಾಷರುಗಳನ್ನು ಮಾಡಿಸಿಕೊಂಡೆ. ಹೊಸ ಗ್ಯಾಸ್ಕೆಟ್ಟಿಗೆ ಯಾವ ಗೋಂದನ್ನೂ ಹಚ್ಚಲಿಲ್ಲ. ಎಂಜಿನ್ ಒಮ್ಮೆ ಚೆನ್ನಾಗಿ ಕಾದು ತಣಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿದೆ.

ಕಾರ್ಬ್ಯುರೇಟರಿನ ಸರದಿ ಬಂದದ್ದು ಆಗಲೇ. ನನ್ನ ಕಾರಿನಲ್ಲಿರುವುದು ಎಸ್.ಯು. ಕಾರ್ಬ್ಯುರೇಟರ್; ಅದರೊಳಗೆ ಗಾಳಿಯ ಎಳೆತಕ್ಕೆ ತಕ್ಕಂತೆ ಏರಿಳಿಯುವ ಪಿಸ್ಟನ್ ಒಂದಿದೆ. ಅದರ ಚಲನೆಯನ್ನು ನಿಧಾನಿಸುವ ಡ್ಯಾಂಪರಿಗೆ ಎಣ್ಣೆ ಹಾಕಿ, ಎಲ್ಲರೂ ಇಳಿಸಿಟ್ಟಿದ್ದ ಜೆಟ್ಟನ್ನು ಮೇಲಕ್ಕೆ ತಂದು, ಆ ಪಿಸ್ಟನ್ನನ್ನು ಒಂದು ಮಿಲಿಮೀಟರಿನೊಳಗೆ ಎತ್ತಿ ನೋಡಬೇಕು: ವೇಗ ಏರಿ ಹಾಗೆಯೇ ನಿಂತರೆ ಪೆಟ್ರೋಲ್ ಹೆಚ್ಚು, ಕುಸಿದರೆ ಕಡಿಮೆ, ಕ್ಷಣಮಾತ್ರ ಏರಿ ಮೊದಲಿನಂತಾದರೆ ಸರಿ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ಪಡೆದ ಶೇ. 20 ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಆಮ್ಲಜನಕ ಹೆಚ್ಚಿರುವುದರಿಂದ ಮಿಶ್ರಣ ಸಹಜವಾಗಿಯೇ ತೆಳುವಾಗುತ್ತದೆ. ಆದ್ದರಿಂದ ಜೆಟ್ ನಟ್ಟನ್ನು ಅದರ ಆರು ಮುಖಗಳಲ್ಲಿ ಒಂದರಷ್ಟು ತಿರುಗಿಸಿ ಕೆಳಗೆ ಬಿಟ್ಟಿದ್ದೇನೆ. ಎಥನಾಲ್ ಹಳೆಯ ರಬ್ಬರನ್ನು ಹಾಳುಮಾಡಬಲ್ಲದಾದ್ದರಿಂದ ಪೆಟ್ರೋಲ್ ಪೈಪಿನ ಹಳೆಯ ರಬ್ಬರನ್ನೂ ಪಂಪಿನ ಡಯಾಫ್ರಮನ್ನೂ ಬದಲಿಸಿದೆ. ಈಗ ನಾಲ್ಕೂ ಪ್ಲಗ್ಗುಗಳು ಒಂದೇ ಬಗೆಯ ಕಂದು ಬಣ್ಣಕ್ಕೆ ಬಂದಿವೆ. ಚಳಿಗಾಲದ ಬೆಳಗಿನಲ್ಲಿ ಮಾತ್ರ ಚೋಕ್ ಮೊದಲಿಗಿಂತ ತುಸು ಹೆಚ್ಚು ಹೊತ್ತು ಎಳೆದಿಡಬೇಕಾಗುತ್ತದೆ.