ಹಾಸ್ಟೆಲ್ ಹುಡುಗಿಯರನ್ನು ಕುಡಿತದಿಂದ ಉಳಿಸಿಕೊಳ್ಳುವುದು ಹೇಗೆ

ಬೆಂಗಳೂರಿನ ವಿಜಯನಗರದಲ್ಲಿ ಹುಡುಗಿಯರ ಹಾಸ್ಟೆಲ್ ಒಂದಕ್ಕೆ 11 ವರ್ಷದಿಂದ ವಾರ್ಡನ್ ಆಗಿದ್ದೇನೆ. 60 ಹುಡುಗಿಯರಿದ್ದಾರೆ. ಹಾಸನ, ತುಮಕೂರು, ಕೊಪ್ಪಳ ಕಡೆಯವರೇ ಜಾಸ್ತಿ. ನನ್ನಂಥ ವಾರ್ಡನ್‌ಗಳು, ರೂಮ್‌ಮೇಟ್‌ಗಳು, ಊರಲ್ಲಿರುವ ಅಮ್ಮಂದಿರು ಓದಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ನಮ್ಮ ಗೇಟಿಗೆ ರಾತ್ರಿ 9.30ಕ್ಕೆ ಬೀಗ ಬೀಳುತ್ತಿತ್ತು. ಸ್ವಲ್ಪ ತಡವಾದರೂ ಮನೆಗೆ ಫೋನ್. ಇಷ್ಟು ಬಿಗಿ ಇದ್ದರೆ ಯಾರೂ ಕುಡಿಯುವುದಿಲ್ಲ ಅಂದುಕೊಂಡಿದ್ದೆ. ಒಂದು ಫೇರ್‌ವೆಲ್ ದಿನ ಎರಡನೇ ವರ್ಷದ ಹುಡುಗಿಯೊಬ್ಬಳು, ಬೀಗ ಬೀಳುವ ಮುಂಚೆ ಬರಬೇಕಲ್ಲ ಅಂತ, ಅರ್ಧ ಗಂಟೆಯಲ್ಲಿ ನಾಲ್ಕು ಪೆಗ್ ವೋಡ್ಕಾ ಕುಡಿದುಬಿಟ್ಟಿದ್ದಳು. ಒಳಗೆ ಬರುವಾಗ ನೆಟ್ಟಗೇ ನಡೆದು ಬಂದಳು. 10.30ಕ್ಕೆ ಎಬ್ಬಿಸಿದರೆ ಏಳಲಿಲ್ಲ. ರೂಮ್‌ಮೇಟ್‌ಗಳು ನನ್ನನ್ನು ಕರೆದದ್ದು 11.30ಕ್ಕೆ. ‘ಆಂಟಿ ಮನೆಗೆ ಹೇಳ್ತಾರೆ’ ಅನ್ನುವ ಹೆದರಿಕೆ. ಆಸ್ಪತ್ರೆಗೆ ಸೇರಿಸಿದೆವು, ಹುಡುಗಿ ಉಳಿದಳು. ಆದರೆ ಆ ಒಂದು ಗಂಟೆ ಹಾಳಾದದ್ದು ನನ್ನ ನಿಯಮದಿಂದ.

ಅದಕ್ಕೇ, ಎಲ್ಲಕ್ಕಿಂತ ಮೊದಲು ಈ ಹೆದರಿಕೆ ತೆಗೆಯಿರಿ. ಈಗ ನಮ್ಮಲ್ಲಿ ಯಾರಾದರೂ ತಡವಾಗಿ ಬಂದರೆ ಪುಸ್ತಕದಲ್ಲಿ ಸಹಿ ಹಾಕುತ್ತಾರೆ, ಗೇಟು ತೆರೆಯುತ್ತದೆ. ಕುಡಿದು ಬಂದರೂ ಆ ರಾತ್ರಿ ಒಂದೂ ಪ್ರಶ್ನೆ ಇಲ್ಲ. ಮಾತೆಲ್ಲ ಮರುದಿನ, ತಿಂಡಿ ತಿಂದ ಮೇಲೆ. ಆಸ್ಪತ್ರೆವರೆಗೆ ಹೋದರೆ ಮಾತ್ರ ಮನೆಗೆ ಹೇಳುತ್ತೇವೆ, ಅದೂ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು. ಕೆಲವು ಅಪ್ಪಂದಿರು ಒಪ್ಪಲಿಲ್ಲ. ಅವರಿಗೂ ಆ ರಾತ್ರಿಯ ಕತೆಯನ್ನೇ ಹೇಳಿದೆ.

ಎರಡನೆಯದು, ಲೆಕ್ಕ ಕಲಿಸಿ. ಹೊಸ ಬ್ಯಾಚ್ ಬಂದ ಮೊದಲ ಭಾನುವಾರ ಊಟದ ಹಾಲ್‌ನಲ್ಲಿ ನೀರು ಅಳೆದು ತೋರಿಸುತ್ತೇನೆ. ಒಂದು ಪೆಗ್, ಅಂದರೆ 30 ಎಂಎಲ್ ವಿಸ್ಕಿ ಅಥವಾ ವೋಡ್ಕಾದಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ‘ಬರೀ ಬಿಯರ್ ಅಲ್ವಾ ಆಂಟಿ’ ಅನ್ನುತ್ತಾರೆ. ಶೇ. 8ರ ಸ್ಟ್ರಾಂಗ್ ಬಿಯರ್ 650 ಎಂಎಲ್ ಬಾಟಲಿ ಒಂದು ಕುಡಿದರೆ 40 ಗ್ರಾಂ ದಾಟುತ್ತದೆ. ಅಂದರೆ ನಾಲ್ಕು ಪೆಗ್! ರೂಮಲ್ಲಿ ಸ್ಟೀಲ್ ಲೋಟಕ್ಕೆ ಬಗ್ಗಿಸಿಕೊಂಡರೆ ಅಳತೆಯೇ ಇಲ್ಲ. ಹೆಣ್ಣುಮಕ್ಕಳ ಮೈಯಲ್ಲಿ ನೀರಿನ ಪಾಲು ಕಡಿಮೆ. ಹಾಗಾಗಿ ಅಷ್ಟೇ ತೂಕದ ಹುಡುಗನ ಜೊತೆ ಅಷ್ಟೇ ಕುಡಿದರೂ ಹುಡುಗಿಯ ರಕ್ತದಲ್ಲಿ ಆಲ್ಕೋಹಾಲ್ ಜಾಸ್ತಿ ಏರುತ್ತದೆ. ಲಿವರ್ ಒಂದು ಪೆಗ್ ಕರಗಿಸಲು ಸುಮಾರು ಒಂದು ಗಂಟೆ ಬೇಕು. ಕಾಫಿ, ನಿಂಬೆಹಣ್ಣು, ತಣ್ಣೀರು ಸ್ನಾನ ಯಾವುದರಿಂದಲೂ ಅದು ಬೇಗ ಆಗುವುದಿಲ್ಲ. ಪಬ್‌ಗಳ ಲೇಡೀಸ್ ನೈಟ್ ಬಗ್ಗೆಯೂ ಹೇಳುತ್ತೇನೆ. ಹುಡುಗಿಯರಿಗೆ ಪುಕ್ಕಟೆ ಕೊಟ್ಟರೆ ಹುಡುಗರು ದುಡ್ಡು ಕೊಟ್ಟು ಬರುತ್ತಾರೆ, ಅದು ಅವರ ವ್ಯಾಪಾರ.

ಬೇಡ ಅನ್ನುವುದನ್ನೂ ಕಲಿಸಬೇಕು. ಕೈಯಲ್ಲಿ ಲೈಮ್ ಸೋಡಾ ಇದ್ದರೆ ಅರ್ಧ ಒತ್ತಾಯ ಕಡಿಮೆಯಾಗುತ್ತದೆ. ‘ಮಾತ್ರೆ ತಗೊಳ್ತಿದ್ದೀನಿ’ ಅಂದರೂ ಸಾಕು. ಜೊತೆಯಲ್ಲಿ ಹೋದವರು ಜೊತೆಯಲ್ಲೇ ಬರಬೇಕು.

ಆದರೆ ನನಗೆ ಹೆಚ್ಚು ಚಿಂತೆ ಪಾರ್ಟಿಗೆ ಹೋಗುವವರದ್ದಲ್ಲ, ರೂಮಲ್ಲಿ ಒಬ್ಬಳೇ ಕುಡಿಯುವವಳದ್ದು. ಕೊಪ್ಪಳ ಕಡೆಯ ಹುಡುಗಿಯೊಬ್ಬಳಿದ್ದಳು. ಪಿಯುವರೆಗೆ ಕನ್ನಡದಲ್ಲಿ ಓದಿ ಒಳ್ಳೆ ಮಾರ್ಕ್ಸ್ ತೆಗೆದವಳು. ಇಲ್ಲಿ ಕ್ಲಾಸಲ್ಲಿ ಇಂಗ್ಲಿಷ್ ಹಿಡಿಯಲಾಗದೆ ಎರಡು ಇಂಟರ್ನಲ್ಸ್ ಹೋಯಿತು. ಬೆಳಗಿನ ತಿಂಡಿಗೆ ಬರುವುದು ನಿಲ್ಲಿಸಿದಳು. ಅವರಿವರ ಹತ್ತಿರ ಇನ್ನೂರು, ಮುನ್ನೂರು ಸಾಲ ಕೇಳತೊಡಗಿದಳು. ‘ಕುಡೀತೀಯಾ?’ ಅಂದಿದ್ದರೆ ಇಲ್ಲ ಅನ್ನುತ್ತಿದ್ದಳು. ‘ರಾತ್ರಿ ನಿದ್ದೆ ಬರ್ತಿದೆಯಾ ಮಗಳೇ?’ ಅಂದೆ. ಅಳು ಶುರುವಾಯಿತು. ನಿದ್ದೆಗೋಸ್ಕರ ಶುರುವಾದದ್ದು ಮೂರು ತಿಂಗಳಲ್ಲಿ ದಿನಾ ಆಗಿತ್ತು.

ಇಂಥ ಹುಡುಗಿಯ ಬಾಟಲಿ ಕಿತ್ತುಕೊಂಡು ಬಾಗಿಲು ಹಾಕಬೇಡಿ. ದಿನಾ ಜಾಸ್ತಿ ಕುಡಿಯುವವರು ದಿಢೀರನೆ ಬಿಟ್ಟರೆ ಕೈ ನಡುಗುತ್ತದೆ, ಫಿಟ್ಸ್ ಕೂಡ ಬರಬಹುದು. ಡಾಕ್ಟರ್ ಬೇಕೇ ಬೇಕು. ನಾವು ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆವು. ದುಡ್ಡು ಕೊಡಬೇಕಿಲ್ಲ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆಮೇಲೆ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆ. ಕುಡಿತ ಬಿಡಿಸಲು ಅಲ್ಲಿ ಬೇರೆಯೇ ವಿಭಾಗ ಇದೆ. ಇಂಗ್ಲಿಷಿಗೆ ನಮ್ಮಲ್ಲೇ ಒಬ್ಬ ಸೀನಿಯರ್ ಸಂಜೆ ಪಾಠ ಹೇಳಿಕೊಟ್ಟಳು. ನನ್ನ ಪ್ರಕಾರ ಆ ಪಾಠವೂ ಔಷಧಿಯೇ.

ಇನ್ನು ಪ್ರತಿ ಮಹಡಿಯ ನೀರಿನ ಫಿಲ್ಟರ್ ಪಕ್ಕ ಅಂಟಿಸಿರುವ ಹಾಳೆ. ನೀವೂ ಬರೆದು ಅಂಟಿಸಿ:

ಕುಡಿದು ಮಲಗಿದವಳನ್ನು ಒಬ್ಬಳೇ ಬಿಡಬೇಡಿ. ಅಂಗಾತ ಬೇಡ, ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಎಬ್ಬಿಸಿದರೆ ಏಳದಿದ್ದರೆ, ಉಸಿರು ನಿಮಿಷಕ್ಕೆ 8ಕ್ಕಿಂತ ಕಡಿಮೆಯಾದರೆ, ತುಟಿ ನೀಲಿಯಾದರೆ, ಮೈ ತಣ್ಣಗಾದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಆಮೇಲೆ ನನ್ನ ಬಾಗಿಲು ತಟ್ಟಿ. ಕೆಳಗಿನ ಮಹಡಿ, ಮೆಟ್ಟಿಲ ಎಡಕ್ಕೆ. ಎಷ್ಟೇ ಹೊತ್ತಾಗಿದ್ದರೂ ಸರಿ.