ಅಜ್ಜಿಯ ಸೀರೆ ದಡಿ, ನನ್ನ ಪ್ಯಾಂಟು

ಅಜ್ಜಿಯ ಇಳಕಲ್ ಸೀರೆ ಟ್ರಂಕಿನಲ್ಲಿ ವರ್ಷಗಟ್ಟಲೆ ಬಿದ್ದಿತ್ತು. ಒಡಲು ಸವೆದು ಮಡಿಕೆಯಲ್ಲೆಲ್ಲ ಸೀಳಿತ್ತು. ದಡಿ ಮಾತ್ರ ಗಟ್ಟಿ. ಇಳಕಲ್ ಸೀರೆಗೆ ಒಡಲು ಹತ್ತಿಯದಾದರೂ ದಡಿ ರೇಷ್ಮೆಯದು, ಇಲ್ಲವೇ ಚಮಕಾದ್ದು. ಆರ್ಟ್ ಸಿಲ್ಕ್‌ಗೆ, ಅಂದರೆ ಕೃತಕ ರೇಷ್ಮೆಗೆ, ನೇಕಾರರು ಚಮಕಾ ಅಂತಾರೆ. ಅಜ್ಜಿಯದು ಕೆಂಪು ಗೋಮಿ ದಡಿ (ಗೋಮಿ ಅಂದರೆ ದಡಿಯ ಒಂದು ಡಿಸೈನು), ಮೂರು ಇಂಚು ಅಗಲ. ಬಿಸಾಡೋಕೆ ಮನಸ್ಸಿಲ್ಲ, ದಿಂಬಿನ ಕವರ್ ಮಾಡಿ ಮಾಡಿ ಬೇಜಾರಾಗಿತ್ತು. ಮನೆಯಲ್ಲೂ ಸಂತೆಗೂ ಹಾಕಿಕೊಂಡು ಓಡಾಡುವಂಥ ಒಂದು ಸಾದಾ ಪ್ಯಾಂಟಿಗೆ ಹಚ್ಚೋಣ ಅಂದುಕೊಂಡೆ.

ಕಂಪ್ಯೂಟರಿನಲ್ಲಿ ಪ್ಯಾಂಟಿನ ಒಂದು ವಿದೇಶಿ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸೋಕೆ ಇಟ್ಟುಕೊಳ್ಳುವ ಕಾಗದದ ಅಚ್ಚು, ಇತ್ತು. ಪಕ್ಕದಲ್ಲಿ ಜಿಪ್, ಹಿಂದೆ ಡಾರ್ಟ್ (ಬಟ್ಟೆ ಚಿವುಟಿ ಹೊಲಿಯುವ ಚೂಪು ಮಡಿಕೆ), ಕೆಳಗೆ ಕಿರಿದಾಗುತ್ತಾ ಹೋಗುವ ಕಾಲು. ಎ4 ಹಾಳೆಗಳಲ್ಲಿ ಪ್ರಿಂಟ್ ಹಾಕಿ ಅಂಟಿಸಿದೆ. ಪ್ರಿಂಟ್ ಹಾಕುವಾಗ ಅಳತೆ 100% ಅಂತಲೇ ಇಟ್ಟುಕೊಳ್ಳಿ. ಮೊದಲ ಹಾಳೆಯಲ್ಲಿರುವ ಪರೀಕ್ಷೆಯ ಚೌಕವನ್ನು ಸ್ಕೇಲಿನಿಂದ ಅಳೆದ ಮೇಲೇ ಉಳಿದದ್ದು. ನಂತರ ಅದನ್ನು ಪುಸ್ತಕಕ್ಕೆ ಹಾಕುವ ಖಾಕಿ ಕಾಗದದ ಮೇಲೆ ಇಳಿಸಿಕೊಂಡೆ. ಮೂಲ ಹಾಳೆಗೆ ಕತ್ತರಿ ಹಾಕಲಿಲ್ಲ.

ಹಳೆಯ ಬೆಡ್‌ಶೀಟಿನಲ್ಲಿ ಒಂದು ಟ್ರಯಲ್ ಹೊಲಿದೆ. ನಿಂತಾಗ ಚೆನ್ನಾಗಿತ್ತು. ಊಟಕ್ಕೆ ಚಕ್ಕಳ ಮಕ್ಕಳ ಹಾಕಿ ಕೂತೆ ನೋಡಿ, ಹಿಂದಿನ ಸೊಂಟ ಜಾರಿ ಕೆಳಗಿಳಿಯಿತು. ಆ ಪ್ಯಾಟರ್ನ್ ಮಾಡಿದವರು ಕುರ್ಚಿಯಲ್ಲಿ ಕೂರುವವರು, ನಾವು ನೆಲದ ಜನ. ಪುಸ್ತಕದಲ್ಲಿ ಹೇಳಿದ ಹಾಗೆ ಕುರ್ಚಿ ಮೇಲೆ ಕೂತು ಸೊಂಟದಿಂದ ಕುರ್ಚಿವರೆಗೆ ಆಸನದ (ಎರಡು ಕಾಲು ಸೇರುವ ನಡುಭಾಗದ) ಅಳತೆ ತೆಗೆದರೆ ನಮಗೆ ಸಾಲದು. ನಾನು ನೆಲದ ಮೇಲೇ ಕೂತು, ಮುಂದಿನ ಸೊಂಟದಿಂದ ಕಾಲುಗಳ ನಡುವೆ ಹಾಯಿಸಿ ಹಿಂದಿನ ಸೊಂಟದವರೆಗೆ ಟೇಪು ಹಿಡಿದೆ. ಕಾಗದದ ಮೇಲಿನ ಗೆರೆಗಿಂತ ಒಂದೂವರೆ ಇಂಚು ಜಾಸ್ತಿ ಬಂತು.

ಅಷ್ಟನ್ನೂ ಹಿಂಭಾಗಕ್ಕೇ ಕೊಟ್ಟೆ. ಹಿಂದಿನ ತುಂಡಿನಲ್ಲಿ ಸೀಟಿನ ಮಟ್ಟಕ್ಕೆ ನಡುಬೆನ್ನಿನಿಂದ ಅಡ್ಡಲಾಗಿ ಕತ್ತರಿಸಿ, ಪಕ್ಕದ ಅಂಚಿನಲ್ಲಿ ಒಂದು ಕೂದಲೆಳೆಯಷ್ಟು ಬಿಟ್ಟೆ. ನಡುಬೆನ್ನಿನ ಕಡೆ ಒಂದು ಇಂಚು ಬಾಯಿ ಬಿಡಿಸಿ, ಕೆಳಗೆ ಕಾಗದದ ತುಂಡು ಇಟ್ಟು ಅಂಟಿಸಿದೆ. ಹೀಗೆ ಮಾಡಿದರೆ ಪಕ್ಕದ ಉದ್ದ ಬದಲಾಗುವುದಿಲ್ಲ, ಹಿಂದೆ ಮಾತ್ರ ಎತ್ತರವಾಗುತ್ತದೆ. ಉಳಿದ ಅರ್ಧ ಇಂಚನ್ನು ಹಿಂದಿನ ಆಸನದ ತುದಿಯಲ್ಲಿ, ಒಳತೊಡೆಯ ಕಡೆಗೆ ಚಾಚಿದೆ. ಮುಂದಿನ ತುಂಡು ಮುಟ್ಟಲಿಲ್ಲ. ಮುಂದೆಯೂ ಬಿಟ್ಟರೆ ಹೊಟ್ಟೆಯ ಕೆಳಗೆ ಚೀಲದ ಹಾಗೆ ಜೋತು ಬೀಳುತ್ತದೆ.

ನಾನು ಐದು ಅಡಿ ಒಂದು ಇಂಚು. ಉದ್ದ ಮೂರು ಇಂಚು ಹೆಚ್ಚಿತ್ತು. ಅದನ್ನು ಕೆಳಗಿನಿಂದ ಕತ್ತರಿಸಿದರೆ ಪ್ಯಾಟರ್ನಿನ ಮಂಡಿಯ ಜಾಗ ನನ್ನ ಮೊಣಕಾಲಿಗಿಂತ ಕೆಳಗೇ ಉಳಿಯುತ್ತದೆ. ಮಂಡಿಯ ಮೇಲೆ ಒಂದೂವರೆ, ಕೆಳಗೆ ಒಂದೂವರೆ ಇಂಚು ಮಡಿಸಿದೆ. ಜಿಪ್, ಡಾರ್ಟ್ ಎರಡೂ ತೆಗೆದು, ಸೀಟಿನಿಂದ ಸೊಂಟಕ್ಕೆ ನೇರ ಗೆರೆ ಎಳೆದು ಇಲಾಸ್ಟಿಕ್ ಮಾಡಿಕೊಂಡೆ. ಸೊಂಟ 33 ಇಂಚು, ಇಲಾಸ್ಟಿಕ್ 30.

ಇಷ್ಟೆಲ್ಲ ಸುಲಭದ ಕೆಲಸ. ತಲೆ ತಿಂದದ್ದು ದಡಿ.

ಟ್ರಯಲ್ ಪ್ಯಾಂಟಿನ ಕೆಳಗೆ ಒಂದು ತುಂಡು ದಡಿ ಹಿಡಿದು ಪಿನ್ ಮಾಡಿದೆ. ತುದಿಯಲ್ಲಿ ಸರಿಯಾಗಿ ಕೂತರೆ ಮೇಲೆ ಸಾಲದು, ಮೇಲೆ ಸರಿಯಾದರೆ ತುದಿಯಲ್ಲಿ ಉಬ್ಬು. ಯೋಚಿಸಿದರೆ ಕಾರಣ ಸರಳ. ಕಾಲು ಕೆಳಗೆ ಕಿರಿದು, ಮೂರು ಇಂಚು ಮೇಲೆ ಅಗಲ. ದಡಿ ಎರಡೂ ಕಡೆ ಒಂದೇ ಉದ್ದ. ಅದು ಮಗ್ಗದಲ್ಲಿ ನೇರ ನೆಯ್ದದ್ದು, ಬಾಗು ಅಂದರೆ ಬಾಗುವುದಿಲ್ಲ. ದಡಿಯನ್ನು ಚಿವುಟಿ ಹಿಡಿದು ಸಣ್ಣ ಡಾರ್ಟ್ ಹಾಕಬಹುದು, ಆದರೆ ಗೋಮಿಯ ಸಾಲು ಅಲ್ಲಿ ಮುರಿಯುತ್ತದೆ. ಹಾಗಾಗಿ ಪ್ಯಾಂಟಿನ ಆಕಾರವನ್ನೇ ದಡಿಗೆ ತಕ್ಕ ಹಾಗೆ ಬದಲಿಸಿದೆ. ಬಾಟಮ್, ಅಂದರೆ ಕಾಲಿನ ತುದಿಯ ಸುತ್ತಳತೆ, 13 ಇಂಚು ಇದ್ದದ್ದನ್ನು 16 ಮಾಡಿದೆ. ಹೆಚ್ಚಿನ ಮೂರು ಇಂಚನ್ನು ನಾಲ್ಕು ಅಂಚುಗಳಿಗೆ ಮುಕ್ಕಾಲು ಇಂಚಿನಂತೆ ಹಂಚಿದೆ. ತುದಿಯಿಂದ ಹತ್ತು ಇಂಚು ಮೇಲಿನವರೆಗೆ ಎರಡೂ ಪಕ್ಕ ನೂಲಿನ ನೇರಕ್ಕೆ ಸಮನಾಗಿ ಗೆರೆ ಎಳೆದೆ. ಅಲ್ಲಿಂದ ಮಂಡಿಗೆ ನಿಧಾನವಾಗಿ ಸೇರಿಸಿದೆ.

ಸೊಂಟದಿಂದ ಪಾದದವರೆಗೆ ಪಕ್ಕದಲ್ಲೂ ಪಟ್ಟಿ ಹಾಕುವ ಆಸೆ ಇತ್ತು. ಪಿನ್ ಮಾಡಿ ಕನ್ನಡಿ ಮುಂದೆ ನಿಂತೆ. ಥೇಟ್ ಮದುವೆ ಬ್ಯಾಂಡಿನವರು. ಮೇಲಾಗಿ ಸೀಟಿನ ಬಳಿ ಪಕ್ಕದ ಗೆರೆ ಬಾಗುತ್ತದೆ, ಅಲ್ಲೂ ಅದೇ ಗೋಳು. ಬಿಟ್ಟುಬಿಟ್ಟೆ. ಅದರ ಬದಲು ಓರೆ ಜೇಬಿನ ಬಾಯಿಗೆ ದಡಿ ಹಾಕಿದೆ. ಜೇಬಿನ ಬಾಯಿ ನೇರ ಗೆರೆ ಅಲ್ವಾ, ಅಲ್ಲಿ ಸೊಗಸಾಗಿ ಕೂರುತ್ತದೆ. ದಡಿಯನ್ನು ಉದ್ದಕ್ಕೆ ಅರ್ಧ ಮಡಿಸಿ ಒಂದೂವರೆ ಇಂಚು ಹೊರಗೆ, ಒಂದೂವರೆ ಒಳಗೆ. ಕೈ ಹಾಕಿ ತೆಗೆದು ಬಾಯಿ ಜೋಲುವುದೂ ತಪ್ಪುತ್ತದೆ. ಎರಡು ಕಾಲು, ಎರಡು ಜೇಬು, ಡಿಸೈನ್ ಹೊಂದಿಸೋಕೆ ಸ್ವಲ್ಪ ಹೆಚ್ಚು, ಎಲ್ಲ ಸೇರಿ ಒಂದೂವರೆ ಮೀಟರ್ ಸಾಕಾಯಿತು. ಆರು ವಾರಿ ಸೀರೆಯಲ್ಲಿ ಒಂದು ಕಡೆಯ ದಡಿಯೇ ಸುಮಾರು ಐದೂವರೆ ಮೀಟರ್ ಸಿಗುತ್ತದೆ.

ಪ್ಯಾಂಟಿಗೆ ಬೂದು ಬಣ್ಣದ ಖಾದಿ, 36 ಇಂಚು ಪನ್ನಾ (ಬಟ್ಟೆಯ ಅಗಲ), ಎರಡೂಕಾಲು ಮೀಟರ್. ರಾತ್ರಿಯಿಡೀ ನೆನೆಹಾಕಿ ಒಣಗಿಸಿ ಮತ್ತೆ ಅಳೆದೆ. 225 ಸೆಂಟಿಮೀಟರ್ ಇದ್ದದ್ದು 216ಕ್ಕೆ ಬಂದಿತ್ತು. ಒಗೆದು ಒಗೆದು ಹದವಾದ ದಡಿ ಇನ್ನು ಕುಗ್ಗುವುದಿಲ್ಲ. ಖಾದಿಯನ್ನು ನೆನೆಸದೆ ಹೊಲಿದಿದ್ದರೆ ಮೊದಲ ಒಗೆತಕ್ಕೇ ಕಾಲಿನ ಸುತ್ತ ನಿರಿಗೆ ನಿರಿಗೆಯಾಗುತ್ತಿತ್ತು. ದಡಿಯನ್ನೂ ಬೇರೆ ಬಕೆಟ್ಟಿನಲ್ಲಿ ನೆನೆಸಿದೆ. ಅಷ್ಟು ಹಳೆಯದಾದರೂ ಕೆಂಪು ಬಿಟ್ಟಿತು. ನಾಲ್ಕು ಸಲ ನೀರು ಬದಲಿಸಿದೆ. ಆಮೇಲೆ ಒದ್ದೆ ಬಿಳಿ ಬಟ್ಟೆ ಮೇಲಿಟ್ಟು ಇಸ್ತ್ರಿ ಒತ್ತಿ ನೋಡಿದೆ, ಕಲೆ ಬರಲಿಲ್ಲ.

ದಡಿಯನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದರೆ ತೂತು, ತೆಳುವಾದ ಜಾಗ ಕಾಣುತ್ತವೆ. ಅಂಥ ಕಡೆ ಕತ್ತರಿಸಿ ಬಿಟ್ಟೆ. ಸೀರೆಯಿಂದ ಬಿಡಿಸುವಾಗ ಒಡಲಿನ ಬಟ್ಟೆ ಅರ್ಧ ಇಂಚು ಜೊತೆಯಲ್ಲೇ ಇರಲಿ, ಒಳಗೆ ಮಡಿಸೋಕೆ ಬೇಕು. ಗಟ್ಟಿಯಾಗಲಿ ಅಂತ ಒಂದು ತುಂಡಿಗೆ ಅಂಟಿಸುವ ಕ್ಯಾನ್ವಾಸ್ ಹಚ್ಚಿ ನೋಡಿದೆ. ರಟ್ಟಿನ ಹಾಗಾಯಿತು. ತೆಳು ಮಲ್ ಬಟ್ಟೆಯ ಅಸ್ತರಿಯೇ ಚೆಂದ.

ಹೊಲಿಯುವ ಕ್ರಮ ಇಲ್ಲಿ ಮುಖ್ಯ. ಕಾಲು ಕೊಳವೆಯಾದ ಮೇಲೆ ದಡಿ ಹಚ್ಚೋಕೆ ಹೋದರೆ ಮೆಷಿನ್ ಕೆಳಗೆ ಒದ್ದಾಟ. ನಾನು ಮೊದಲು ಜೇಬು ಮುಗಿಸಿ, ಹೊರಪಕ್ಕ ಮಾತ್ರ ಹೊಲಿದು, ಮಾರ್ಜಿನ್ ಬಿಡಿಸಿ ಇಸ್ತ್ರಿ ಮಾಡಿದೆ. ಆಗ ಕಾಲು ಇನ್ನೂ ಚಪ್ಪಟೆಯಾಗಿರುತ್ತದೆ. ತುದಿಯ ಒಂದು ಇಂಚನ್ನು ಒಳಗಲ್ಲ, ಹೊರಗೆ ಮಡಿಸಿದೆ. ಅದರ ಮೇಲೆ ದಡಿ ಕೂರಿಸಿದರೆ ಮಡಿಕೆಯ ಕಚ್ಚಾ ಅಂಚು ಅಡಗಿಹೋಗುತ್ತದೆ, ಒಳಗಡೆ ಬೇರೆ ಹೆಮ್ಮಿಂಗ್ ಬೇಡ. ದಡಿಯ ಹೊರ ಅಂಚು ಮಗ್ಗದಲ್ಲೇ ಮುಗಿದದ್ದು, ಅದನ್ನು ಕೆಳಕ್ಕೆ ಇಟ್ಟೆ. ಒಡಲು ಅಂಟಿದ ಕಡೆ ಒಳಗೆ ಮಡಿಸಿ ಮೇಲಕ್ಕೆ. ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿದೆ. ಪಿನ್ ಚುಚ್ಚಿದರೆ ಹಳೆಯ ನೂಲಿನಲ್ಲಿ ತೂತು ಉಳಿಯುತ್ತದೆ. ಮೆಷಿನ್ನಿಗೆ 11ರ ಸೂಜಿ. ಮೇಲಿನ ಮತ್ತು ಕೆಳಗಿನ ಹೊಲಿಗೆ ಎರಡನ್ನೂ ಒಂದೇ ದಿಕ್ಕಿನಲ್ಲಿ ಓಡಿಸಿ. ಒಂದು ಹೋಗುತ್ತಾ, ಇನ್ನೊಂದು ಬರುತ್ತಾ ಹೊಲಿದರೆ ದಡಿ ಓರೆಯಾಗಿ ತಿರುಚುತ್ತದೆ.

ಒಂದು ಕಾಲು ಮುಗಿಸಿ ಚಹಾ ಕುಡಿದು ಬಂದು ಎರಡನೆಯದು ಹೊಲಿದೆ. ಎರಡನ್ನೂ ಮಂಚದ ಮೇಲೆ ಹರವಿ ಖುಷಿಯಲ್ಲಿದ್ದೆ. ಅವ್ವ ಬಾಗಿಲಲ್ಲಿ ನಿಂತು ನೋಡಿದಳು.

"ಒಂದ ಕಾಲಿನ ದಡಿ ತೆಲಿಕೆಳಗ ಆಗೇತಲ್ಲವಾ?"

ಆಗಿತ್ತು. ಬಿಚ್ಚಿದೆ. ಹೊಲಿಗೆಯ ತೂತುಗಳು ಹಾಗೇ ಉಳಿದವು, ಆ ತುಂಡು ಕೈಬಿಟ್ಟು ಹೊಸದು ಕತ್ತರಿಸಬೇಕಾಯಿತು. ಈಗ ಕಚ್ಚಾ ಹೊಲಿಗೆ ಹಾಕಿದ ಕೂಡಲೇ ಎರಡೂ ಕಾಲು ಪಕ್ಕಪಕ್ಕ ಇಟ್ಟು ನೋಡುತ್ತೇನೆ.

ಒಳಗಾಲಿನ ಹೊಲಿಗೆ ದಡಿಯ ಹತ್ತಿರ ಬಂದಾಗ ಪದರ ದಪ್ಪವಾಗಿ ಮೆಷಿನ್ ನಿಂತಿತು. ಮೇಲೊಂದು ಬಟ್ಟೆ ಹಾಕಿ ಕುಟ್ಟಾಣಿಯಿಂದ ಮೆತ್ತಗೆ ಕುಟ್ಟಿದೆ, 16ರ ಸೂಜಿ ಹಾಕಿ ಆ ಮೂರು ಇಂಚನ್ನು ಕೈಯಿಂದ ಚಕ್ರ ತಿರುಗಿಸಿ ದಾಟಿಸಿದೆ. ಕೊನೆಗೆ ಒಂದು ಕಾಲನ್ನು ಇನ್ನೊಂದರೊಳಗೆ ತೂರಿಸಿ ಆಸನ ಸೇರಿಸಿ, ಎರಡು ಸಲ ಹೊಲಿದೆ. ನೆಲಕ್ಕೆ ಕೂರುವವರಿಗೆ ಒಂದು ಹೊಲಿಗೆ ಸಾಲದು.

ಅವತ್ತು ರಾತ್ರಿ ಅದನ್ನೇ ಹಾಕಿಕೊಂಡು ಊಟಕ್ಕೆ ಕೂತೆ. ಸೊಂಟ ಜಾರಲಿಲ್ಲ. ಅವ್ವ ದಡಿ ಮುಟ್ಟಿ ನೋಡಿ ರೊಟ್ಟಿ ಬಡಿಸಿದಳು. ಸೀರೆಯ ಇನ್ನೊಂದು ಕಡೆಯ ದಡಿ ಟ್ರಂಕಿನಲ್ಲಿದೆ. ಅಕ್ಕ ಅದರ ಮೇಲೆ ಕಣ್ಣಿಟ್ಟಿದ್ದಾಳೆ. ಅವಳು ನನಗಿಂತ ನಾಲ್ಕು ಇಂಚು ಎತ್ತರ, ಮತ್ತೆ ಖಾಕಿ ಕಾಗದ ತರಬೇಕು.